ಪ್ರಾಂಪ್ಟರ್ ಅತ್ತಿಗೆಯ ಹೊಟ್ಟೆಯವರ ಸನ್ನಿಧಾನಕ್ಕೆ

ಮಾನ್ಯ ಉದರ ಮಹಾಶಯರೇ,

ಪಕ್ಕೆಲುಬಿನ ಕೆಳಗೆ, ಬೂದು ಬಣ್ಣದ ಸ್ವೆಟರಿನ ಒಳಗೆ ವಿರಾಜಮಾನರಾಗಿ ನಮ್ಮ ನಾಟಕ ಮಂಡಳಿಯ ಏಳುಬೀಳುಗಳನ್ನು ನಿರ್ಧರಿಸುತ್ತಿರುವ ತಮಗೆ, ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ದೊರೆಯ ಪಾತ್ರದಲ್ಲಿ ಸಾಯುತ್ತ ಬಂದಿರುವ ಈ ನಟನು ಕಿರೀಟ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ ಮಾಡುವ ವಂದನೆಗಳು. ತಮ್ಮ ಯೋಗಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣೆ. ಅದನ್ನು ತಾವೇ ಬಾಲ್ಕನಿಯ ಕೊನೆಯ ಸಾಲಿಗೂ ಕೇಳುವಂತೆ ಸಾರುತ್ತಿರುವಿರಿ.

ತಮ್ಮ ಒಡತಿ, ಅಂದರೆ ನನ್ನ ಅಣ್ಣನ ಹೆಂಡತಿ, ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಮುಂದಿನ ಮಾತನ್ನು ಪಿಸುಗುಟ್ಟುವವರೆಂಬುದು ತಮಗೆ ತಿಳಿದದ್ದೇ. ಎರಡನೆಯ ಅಂಕದಲ್ಲಿ ಗುಡುಗು ಬೇಕೆಂದು ನಾವು ತಗಡಿನ ಹಾಳೆ ಹಿಡಿದು ಒದ್ದಾಡುವಾಗ ತಾವು ಮೌನವ್ರತ ಹಿಡಿಯುತ್ತೀರಿ. ಕೊನೆಯ ಅಂಕದಲ್ಲಿ ನಾನು ಎದೆಗೆ ಕತ್ತಿ ತಗಲಿಸಿಕೊಂಡು, ಸೂಜಿ ಬಿದ್ದರೂ ಕೇಳುವ ಮೌನದಲ್ಲಿ ಪ್ರಾಣ ಬಿಡುವಾಗ ಮಾತ್ರ ಗುಡುಗುತ್ತೀರಿ. ಎಂಥ ಕಂಠ, ಎಂಥ ಸಮಯಪ್ರಜ್ಞೆ! ಸತತ ಎರಡು ಭಾನುವಾರ ನನ್ನ ಸಾವಿಗೆ ಜನ ಬಿದ್ದು ಬಿದ್ದು ನಕ್ಕರು. ಆಗ ಮ್ಯಾನೇಜರ್ ಬಂದು, ಅತ್ತಿಗೆಯ ಮುಖ ನೋಡದೆ, "ಇನ್ನೊಂದು ಸಲ ನಗು ಬಂದ್ರೆ ಅಕ್ಕ ಟಿಕೆಟ್ ಕಿಟಕೀಲಿ ಕೂತ್ಕೊಳ್ಲಿ. ಮಾತು ಹೇಳಿಕೊಡೋಕೆ ಕಿವಿಯೊಳಗಿಡೋ ಯಂತ್ರ ತರಿಸ್ತೀನಿ" ಅಂದರು. ಇಡೀ ನಾಟಕವನ್ನು ಬಾಯಿಪಾಠ ಒಪ್ಪಿಸಬಲ್ಲ ಅತ್ತಿಗೆ ಅಂದು ಅಂಚು ಸವೆದ ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟರು.

ತಮ್ಮನ್ನು ತಣಿಸಲು ನಾನು ವೈದ್ಯರ ಬಳಿಗೇ ಹೋದೆ. ಖಾರ ಬೇಡ, ಈರುಳ್ಳಿ ಬೇಡ, ಖಾಲಿ ಹೊಟ್ಟೆಯಂತೂ ಬೇಡವೇ ಬೇಡ. ಆಟಕ್ಕೆ ಮುಂಚೆ ಕೊಬ್ಬಿಲ್ಲದ ದನದ ಮಾಂಸ, ಮೆತ್ತಗೆ ಬೆಂದ ಎಲೆಕೋಸು, ಚೂರು ಶುಂಠಿ, ಎಲ್ಲ ಒಂದೇ ಬಾಣಲೆಯಲ್ಲಿ, ಇಪ್ಪತ್ತೇ ನಿಮಿಷ ಎಂದರು. ಆದ್ದರಿಂದ ಭಾನುವಾರ, ದೊರೆಯ ಉಡುಪಿನಲ್ಲೇ ಬಣ್ಣದ ಕೋಣೆಯ ಒಲೆಯ ಮುಂದೆ ನಿಂತೆ. ಬಾಣಲೆ ಕಾದ ಮೇಲೆ ಕೊಚ್ಚಿದ ಮಾಂಸವನ್ನು ಹರಡಿ, ತಳ ಕಂದು ಬಣ್ಣಕ್ಕೆ ತಿರುಗುವವರೆಗೆ ಕೈ ಕಟ್ಟಿಕೊಂಡು ಕಾದೆ. ಸುಮ್ಮನೆ ನಿಲ್ಲುವುದು ನಟನಿಗೆ ಎಷ್ಟು ಕಷ್ಟವೆಂದು ಹೊಟ್ಟೆಯಾದ ತಮಗೆ ಹೇಗೆ ಗೊತ್ತಾಗಬೇಕು? ಶುಂಠಿ ಹಾಕಿದ ಮೇಲೆ ನೆನಪಾಯಿತು: ಎಲೆಕೋಸನ್ನೇ ತಂದಿರಲಿಲ್ಲ! ಆದರೆ ದೈವ ದೊಡ್ಡದು, ಪಕ್ಕದ ಮೇಜಿನ ಹಿತ್ತಾಳೆ ತಟ್ಟೆಯಲ್ಲಿ ದುಂಡನೆಯ ಎಲೆಕೋಸೊಂದು ನನಗಾಗಿಯೇ ಕಾದಂತೆ ಕೂತಿತ್ತು. ಸಣ್ಣಗೆ ಹೆಚ್ಚಿ ಸುರಿದರೆ ಬಾಣಲೆ ಹೌಸ್‌ಫುಲ್. ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ, ನಮ್ಮ ಮಳೆಗಾಲದ ಆಟಗಳಂತೆ, ತಳದಲ್ಲಿ ನಾಲ್ಕೇ ಜನ. ಅಷ್ಟನ್ನೂ ತಾವು ಸ್ವೀಕರಿಸಿದಿರಿ. ಬಾಣಲೆಯನ್ನು ತೊಳೆಯುವ ಕೆಲಸವನ್ನೂ ನನಗೆ ಉಳಿಸಲಿಲ್ಲ.

ಮೂರನೆಯ ಅಂಕದಲ್ಲಿ ಸೈನಿಕನು ದ್ರೋಹಿ ಸೇನಾಪತಿಯ ಕಡಿದ ತಲೆಯನ್ನು ತಟ್ಟೆಯಲ್ಲಿಟ್ಟು, ಮೇಲೆ ಕೆಂಪು ಬಟ್ಟೆ ಹೊದಿಸಿ ತರುತ್ತಾನೆ. ಇಪ್ಪತ್ತೆರಡು ವರ್ಷ ಆ ಬಟ್ಟೆಯ ತುದಿ ಎತ್ತಿದ್ದೇನೆ, ಆದರೆ ನನ್ನ ಕಣ್ಣು ಸದಾ ಬಾಲ್ಕನಿಯ ಮೇಲಿರುವುದರಿಂದ ಕೆಳಗೇನಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಈ ಸಲ ಬಟ್ಟೆ ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿತ್ತು. ಸೈನಿಕನು ಮಂಡಿಯೂರಿ, "ತಲೆ ಸಿಗ್ಲಿಲ್ಲಣ್ಣ. ಮೇಜಿನ ಮೇಲೆ ಇಟ್ಟಿದ್ದೆ, ಯಾರೋ ಎತ್ಕೊಂಡ್ಹೋಗಿದಾರೆ" ಎಂದು ಪಿಸುಗುಟ್ಟಿದ. ಸೇನಾಪತಿಯ ತಲೆ ಆಗ ಎಲ್ಲಿ ಜೀರ್ಣವಾಗುತ್ತಿತ್ತೆಂದು ತಮಗಿಂತ ಚೆನ್ನಾಗಿ ಬಲ್ಲವರಾರು?

ಮುಂದಿನ ಮಾತಿಗಾಗಿ ನಾನು ಅತ್ತಿಗೆಯ ಸ್ಟೂಲಿನತ್ತ ವಾಲಿದೆ. ಆಗ ಪರದೆಯ ಮರೆಯಿಂದ, ಯಾವ ಹಸ್ತಪ್ರತಿಯಲ್ಲೂ ಇಲ್ಲದ ಮಾತು ತಣ್ಣಗೆ ತೇಲಿ ಬಂತು: "ದ್ರೋಹಿ ತಲೆ ಇಟ್ರೆ ಈ ತಟ್ಟೆ ಮೈಲಿಗೆ ಆಗಲ್ವಾ, ಬರೀ ತಟ್ಟೆ ತಂದಿದ್ದೇ ಸರಿ ಅನ್ನಪ್ಪ." ನಾನು ಅದನ್ನೇ ಗುಡುಗಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾತು ಮರೆತವನಿಗೆ ಜ್ಞಾಪಿಸಲು ಯಂತ್ರ ಸಾಕು. ತಲೆಯನ್ನೇ ಬೇಯಿಸಿದವನನ್ನು ಕಾಪಾಡಲು ಅತ್ತಿಗೆಯೇ ಬೇಕು.

ಆದರೂ ಕೊನೆಯ ಅಂಕದಲ್ಲಿ, ನಾನು ಸತ್ತು ಪರದೆ ಇಳಿಯುವ ಮೊದಲೇ, ಗುಡುಗು ಕೇಳಿಸಿತು. ನಗು ಬಂತು. ಮ್ಯಾನೇಜರ್ ಯಂತ್ರಕ್ಕೆ ಹೇಳಿಕಳಿಸಿದ್ದಾರೆ. ಆದ್ದರಿಂದ ತಾವು ದಯಮಾಡಿ ಅವರೆದುರು ಹಾಜರಾಗಿ, ಭಾನುವಾರ ತಾವು ಏನೇನು ತಿಂದಿರಿ, ಎಷ್ಟು ತೃಪ್ತರಾಗಿದ್ದಿರಿ, ಎಷ್ಟು ಹೊತ್ತು ಮೌನವಾಗಿದ್ದಿರಿ ಎಂಬುದನ್ನು ಸ್ವಹಸ್ತದಿಂದ ಬರೆದುಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಅದು ತಮ್ಮಿಂದ ಆಗದಿದ್ದಲ್ಲಿ, ಸತ್ಯವನ್ನು ನಾನೇ ಹೇಳಬೇಕಾದೀತು.

ಒಪ್ಪೊತ್ತೂ ಉಣ್ಣದೆ ತಮಗೆ ಬಡಿಸಿದ,
ತಮ್ಮ ವಿಶ್ವಾಸಿ,
ಸತ್ತ ದೊರೆ

ತಾ.ಕ.: ಹೇಳಿಯೇಬಿಡುತ್ತೇನೆ. ಭಾನುವಾರ ಗುಡುಗಿದ್ದು ತಾವಲ್ಲ, ಹೆಣವಾಗಿ ಬಿದ್ದಿದ್ದ ನನ್ನದೇ ಹೊಟ್ಟೆ. ತಾವು ಒಂದು ತುತ್ತನ್ನಾದರೂ ಉಳಿಸಿದ್ದರೆ ಅದು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಇದರ ಪ್ರತಿಯನ್ನು ಮ್ಯಾನೇಜರರ ಬಾಗಿಲಿಗೆ ಅಂಟಿಸಿದ್ದೇನೆ. ಶಿಕ್ಷೆ ಕೊಡಲೇಬೇಕೆಂದಿದ್ದರೆ ಟಿಕೆಟ್ ಕಿಟಕಿಯಲ್ಲಿ ನನ್ನನ್ನೇ ಕೂರಿಸಲಿ. ಬಂದವರಿಗೆ ಏನು ಹೇಳಬೇಕೆಂದು ಪಕ್ಕದಿಂದ ಪಿಸುಗುಟ್ಟಲು ಮಾತ್ರ ಅತ್ತಿಗೆಯನ್ನು ಕಳಿಸಿಕೊಡಬೇಕು.