ನಾಲ್ಕಾಣೆ ಬೀಗರು

ಲಿಂಗಸುಗೂರಿನ ಬಸವಂತರಾಯರು ಬದುಕಿಡೀ ಮಕ್ಕಳಿಗೆ ಲೆಕ್ಕ ಕಲಿಸಿದವರು. ಶಾಲೆಯಿಂದ ನಿವೃತ್ತರಾದ ಮೇಲೆ ಕೈಗೆ ಸಿಕ್ಕವರಿಗೆಲ್ಲ ಕಲಿಸತೊಡಗಿದ್ದರು. ಅಂಥವರು ಮಸ್ಕಿಯ ಬಟ್ಟೆ ಅಂಗಡಿ ಅಮರಗುಂಡಪ್ಪನ ಮಗಳು ಶಿವಬಸಮ್ಮನನ್ನು ಮಗನಿಗೆ ತಂದುಕೊಳ್ಳಲು, ನಿಶ್ಚಯಕ್ಕೆಂದು ಬೆಳಗಿನ ಬಸ್ಸಿಗೆ ಬಂದಿಳಿದರು. ಕಾಲು ತೊಳೆದು ಪಡಸಾಲೆಯಲ್ಲಿ ಕೂತವರೇ ಶುರುಮಾಡಿದರು.

“ಅಮರಗುಂಡಪ್ಪನೋರ, ಈಗ ಇಪ್ಪತ್ತು ಮಂದಿ ಬಂದೀವಿ. ಇದು ಇವತ್ತ ಬರೋ ಮಂದ್ಯಾಗ ನೂರಕ್ಕ ಇಪ್ಪತ್ತೈದು. ಉಳಿದೋರು ಎತ್ತಿನ ಚಕ್ಕಡ್ಯಾಗ ಬರಾಕತ್ತಾರ. ಎಷ್ಟು ಮಂದಿಗೆ ಅಡಿಗಿ ಅನ್ನೋದು ನಿಮಗ ಬಿಟ್ಟೀನಿ. ಲೆಕ್ಕ ತಪ್ಪೋ ಮನಿ ಹೆಣ್ಣು ನಾವು ತರಾಂಗಿಲ್ಲ ನೋಡ್ರಿ.”

ಗಜ ಹಿಡಿದು ಬಟ್ಟೆ ಅಳೆಯುವುದು ಬಿಟ್ಟರೆ ಬೇರೆ ಲೆಕ್ಕ ಅಮರಗುಂಡಪ್ಪನಿಗೆ ಆಗಿಬರದು. ಒಟ್ಟು ಎಷ್ಟು ಮಂದಿ ಎಂದು ಬೀಗರನ್ನೇ ಕೇಳುವಂತಿಲ್ಲ, ಉಣ್ಣಲು ಬಂದವರ ತಲೆ ಎಣಿಸಿದ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹುಡುಗ ಮಗಳ ಮನಸ್ಸಿಗೂ ಬಂದಿದ್ದ. ಪಾಪ, ತಂದೆ ಬೆವರುತ್ತ ಅಡಿಗೆ ಮನೆಗೆ ನಡೆದ.

“ಹೂರಣಕ್ಕ ಎಷ್ಟು ಬ್ಯಾಳಿ ಹಾಕ್ಲಿ?” ಹೆಂಡತಿ ಶೇಖರಮ್ಮ ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ, ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ದರ್ಜಿ ಇಸ್ಮಾಯಿಲ್‌ಸಾಬ್ ಗೋಡೆಯಾಚೆಯಿಂದ ಹೇಳಿದ: “ಇಪ್ಪತ್ತರಾಗ ನೂರಕ್ಕ ಇಪ್ಪತ್ತೈದು ಅಂದ್ರ ಐದು. ಐದ ಮಂದಿ ಉಣ್ಣೋರು. ಉಳಿದೋರು ಉಪಾಸ ಇರಬೇಕು.”

ಹಂಡೆ ಇಳಿದು ಸಣ್ಣ ಪಾತ್ರೆ ಒಲೆ ಏರಿತು.

ಅಷ್ಟರಲ್ಲಿ ಎದುರು ಮನೆಯ ಒಕ್ಕಲುತನದ ದುರುಗಪ್ಪ ಬಂದು ಸಂಗತಿ ಕೇಳಿದ. ಪೂರಾ ಬೆಳೆ ಬಂದರೆ ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ ಎನ್ನುವುದು ಹೊಲದವರ ವಾಡಿಕೆ. ದುರುಗಪ್ಪ ಜಗತ್ತನ್ನೇ ಆಣೆಯಲ್ಲಿ ಅಳೆಯುತ್ತಿದ್ದ.

“ಹದಿನಾರಾಣೆ ಅಂದ್ರ ಪೂರಾ ಅಲ್ಲೇನು? ಇದು ಇಪ್ಪತ್ತೈದಾಣೆ ಆತು. ಅಂದ್ರ ಕರೀದ ಮಂದೀನೂ ಬಂದು ಕುಂತಾರ. ಇಪ್ಪತ್ತೈದಾಣೆಗೆ ಇಪ್ಪತ್ತು ಮಂದಿ ಆದ್ರ, ಹದಿನಾರಾಣೆಗೆ ಖರೇ ಬೀಗರು ಹದಿಮೂರ ಮಂದಿ. ತಡಿ, ಉಳಿದೋರನ್ನ ಎಬ್ಬಸ್ತೀನಿ” ಎಂದು ಪಡಸಾಲೆಗೆ ನುಗ್ಗಿ, ಹುಡುಗನ ಸೋದರಮಾವನನ್ನೇ “ನೀವು ಯಾರ ಪೈಕಿ?” ಎಂದುಬಿಟ್ಟ.

ಸೋದರಮಾವ ರುಮಾಲು ಸುತ್ತಿ ಎದ್ದೇ ನಿಂತ. ಅಮರಗುಂಡಪ್ಪ ಅವನ ಕೈಕಾಲು ಹಿಡಿದು ಕೂಡಿಸಿ, ದುರುಗಪ್ಪನನ್ನು ಹಿತ್ತಿಲಿಗೆ ಎಳೆದು ತಂದ. ಸಿಟ್ಟಿನಲ್ಲಿ ತಲೆಯೊಳಗೆ ಆಣೆಗಳೇ ಕುಣಿಯುತ್ತಿದ್ದವು. ಹಾಗೆ ಕುಣಿಯುತ್ತಲೇ ಒಂದಕ್ಕೊಂದು ಕೂಡಿಕೊಂಡವು.

“ತಡಿ ಲೇ. ನೂರು ಅಂದ್ರ ಪೂರಾ ರೂಪಾಯಿ. ಇಪ್ಪತ್ತೈದು ಅಂದ್ರ ಅದರ ಕಾಲು ಭಾಗ, ನಾಕಾಣೆ. ಆ ನಾಕಾಣೆ ಮಂದಿನ ಇಪ್ಪತ್ತು. ಇಪ್ಪತ್ತು ನಾಕ್ಲೆ ಎಂಬತ್ತು. ಏ ಇವಳ, ಹಂಡೆ ಏರಸು!”

ಮಧ್ಯಾಹ್ನ ಚಕ್ಕಡಿಗಳು ಬಂದವು, ಅರವತ್ತು ಮಂದಿ ಇಳಿದರು. ಹೋಳಿಗೆ ಸರಿಹೋಯಿತು. ಸೋದರಮಾವನಿಗೆ ಎರಡು ಹೆಚ್ಚೇ ಬಿದ್ದು ಸಿಟ್ಟು ಇಳಿಯಿತು. ಬಸವಂತರಾಯರು ತೃಪ್ತಿಯಿಂದ ತೇಗಿ, “ಪಾಸಾದ್ರಿ. ಸಂಬಂಧ ಪಕ್ಕಾ” ಎಂದು ವೀಳ್ಯ ಬದಲಾಯಿಸಿದರು. ಒಳಗೆ ಶಿವಬಸಮ್ಮ ನಕ್ಕಿದ್ದು ಕೇಳಿಸಿ ಅಮರಗುಂಡಪ್ಪನಿಗೆ ಹೊಟ್ಟೆ ತುಂಬಿತು.

ಹೊರಡುವಾಗ ಬಸವಂತರಾಯರು ಹೊಸ್ತಿಲಲ್ಲಿ ತಿರುಗಿ ನಿಂತರು.

“ಮದುವಿ ಊಟ ನಿಮ್ಮ ಕಡೀದು ಅಲ್ಲೇನ್ರಿ? ಇವತ್ತ ಉಂಡ ಮಂದಿ, ಮದುವಿಗೆ ಬರೋ ನಮ್ಮ ಮಂದ್ಯಾಗ ನೂರಕ್ಕ ಹತ್ತು. ಲೆಕ್ಕ ನಿಮಗ ಬಿಟ್ಟೀನಿ.”

ಈ ಸಲ ಯಾರ ಸಹಾಯವೂ ಬೇಕಾಗಲಿಲ್ಲ, ಉತ್ತರ ತಟ್ಟನೆ ಹೊಳೆಯಿತು. ಅಮರಗುಂಡಪ್ಪ ಕಟ್ಟೆಗೆ ಬಂದು ಕೂತ.

“ಎಷ್ಟಾತ್ರಿ?” ಎಂದಳು ಶೇಖರಮ್ಮ.

“ಎಂಟುನೂರು” ಎಂದು ಎದುರು ಮನೆಯ ಕಡೆ ನೋಡುತ್ತ ಮೆಲ್ಲಗೆ ಹೇಳಿದ: “ದುರುಗಪ್ಪನ್ನ ಕರಿ. ಆತನ ಆಣೆ ಲೆಕ್ಕದಾಗ ಏನಾರ ಕಡಿಮಿ ಬರ್ತೈತೇನು ನೋಡೋಣ.”