ಹದಿಮೂರನೆಯ ಕ್ಯಾಸೆಟ್ಟಿನ ತೀರ್ಪು

ಎರಡು ಸಾವಿರದ ಏಳುನೂರು ರೂಪಾಯಿ! ಒಂದು ಹಳೇ ವಿಡಿಯೊ ಕ್ಯಾಸೆಟ್ಟಿಗೆ ನಾನು ಕೊಟ್ಟ ಬೆಲೆ ಇದು. ಹಾವೇರಿಯಲ್ಲಿ ಹಳೇ ಟ್ರ್ಯಾಕ್ಟರ್ ಕೊಂಡು ಮಾರುವವನು ನಾನು; ಎಂಜಿನ್ನಿನ ಸದ್ದು ಕೇಳಿಯೇ ಐದು ಸಾವಿರ ಇಳಿಸುವವನು. ಮೆಂತ್ಯ ಸೊಪ್ಪಿನ ಸಿವುಡಿಗೂ ಚೌಕಾಶಿ ಮಾಡುತ್ತೇನೆಂದು ನನ್ನ ಹೆಂಡತಿ ನನ್ನ ಜೊತೆ ಸಂತೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಅಂಥ ನನ್ನನ್ನು ಹೀಗೆ ಮಣಿಸಿದವರು ನನ್ನ ಸೋದರಮಾವ. ಕೋರ್ಟಿನಲ್ಲಿ ಸಾವಿರಾರು ಖಟ್ಲೆ ಕಂಡೂ ಅಲ್ಲಿ ಒಂದೇ ಒಂದು ತೀರ್ಪನ್ನು ಕಿವಿಯಾರೆ ಕೇಳದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ, ಅದು ಬ್ಯಾಡಗಿಯ ನಮ್ಮ ಮಾಮಾ!

ಹೆಸರು ಹೇಳುವುದಿಲ್ಲ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.

ಮಾಮಾ ಕೋರ್ಟಿನಲ್ಲಿ ಸಿಪಾಯಿಯಾಗಿದ್ದವರು. ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳ ಹೆಸರನ್ನು ಮೂರು ಸಲ ಕೂಗುವ ಕೆಲಸ. ಅವರ ದನಿಗೆ ಎದುರಿನ ಚಹಾದಂಗಡಿಯಲ್ಲಿ ಕೂತವರೂ ಗಾಬರಿಯಾಗಿ ಎದ್ದು 'ಹಾಜರ್' ಎನ್ನುತ್ತಿದ್ದರಂತೆ! ಆದರೆ ತೀರ್ಪು ಓದುವ ಹೊತ್ತಿಗೆ ಸರಿಯಾಗಿ ಮಾಮಾ ಹೊರಗೆ ಹೋಗಬೇಕು. ಪಡಸಾಲೆಯ ಮಂದಿ ಗದ್ದಲ ಮಾಡದಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಮೂವತ್ತನಾಲ್ಕು ವರ್ಷ ಹೀಗೆ! ಗೆದ್ದವರಾರು ಎಂಬುದನ್ನು ಹೊರಬಂದವರ ಮುಖ ನೋಡಿಯೇ ಊಹಿಸಬೇಕಿತ್ತು. ಅದರಲ್ಲೂ ವಕೀಲರ ಮುಖ ನೋಡಿ ಉಪಯೋಗವಿಲ್ಲ. ಗೆದ್ದರೂ ಸೋತರೂ ಅದು ಒಂದೇ ತರಹ ಇರುತ್ತದೆ.

ಹೀಗಿರುವಾಗ ಟಿ.ವಿ.ಯಲ್ಲಿ ಕೋರ್ಟಿನ ಧಾರಾವಾಹಿಗಳು ಶುರುವಾದವು. ಅಲ್ಲಿ ತೀರ್ಪನ್ನು ಎಲ್ಲರೆದುರೇ ಓದುತ್ತಾರೆ! ಮಾಮಾ ಮರು ವಾರವೇ ಹಾಲು ಕೊಡುವ ಎಮ್ಮೆ ಮಾರಿ ವಿ.ಸಿ.ಆರ್. ತಂದರು.

"ಎಮ್ಮಿ ಹಾಲು ಕೊಡತಿತ್ತು. ಇದೇನು ಕೊಡತೈತ್ರಿ?" ಎಂದರು ಅತ್ತೆ.

"ನ್ಯಾಯ ಕೊಡತೈತಿ."

"ಹೌದ? ಹಂಗಾರ ರಾತ್ರಿ ಅದಕ್ಕ ಹೆಪ್ಪು ಹಾಕಿ ಇಡತೀನಿ. ನಾಳೆ ರೊಟ್ಟಿಗೆ ಹಚ್ಚಿಕೊಂಡು ಉಣ್ರಿ."

ಹಿಂದಿ, ಕನ್ನಡ, ಕೊನೆಗೆ ಒಂದಕ್ಷರ ಅರ್ಥವಾಗದ ವಿಲಾಯತಿಯ ಕಪ್ಪು-ಬಿಳುಪು ಖಟ್ಲೆಗಳು! ಟಿ.ವಿ.ಯಿಂದ ಹಿಡಿದಿಟ್ಟದ್ದು ಕೆಲವು, ಅಂಗಡಿಯಿಂದ ಕೊಂಡದ್ದು ಹಲವು. ಇನ್ನೂರಕ್ಕೂ ಮೇಲೆ ಕ್ಯಾಸೆಟ್ಟುಗಳು. ಪ್ರತಿಯೊಂದಕ್ಕೂ ಖಟ್ಲೆ ನಂಬರು, ಕೆಂಪು ಬಟ್ಟೆಯ ಗಂಟು. ತೆರೆಯ ಮೇಲೆ ನ್ಯಾಯಾಧೀಶರು ಬಂದರೆ ಮಾಮಾ ಎದ್ದು ನಿಲ್ಲುತ್ತಿದ್ದರು. ನಾವೂ ನಿಲ್ಲಬೇಕು! ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತು ನಿಂತು ನನಗಂತೂ ಮಂಡಿನೋವು ಬಂದದ್ದು ಬ್ಯಾಡಗಿಯಲ್ಲೇ.

ಚಹಾ ಆದಾಗಲೂ ಅಷ್ಟೆ, ಹೊಸ್ತಿಲಲ್ಲಿ ನಿಂತು ನಮ್ಮ ಹೆಸರು ಮೂರು ಸಲ ಕೂಗುತ್ತಿದ್ದರು. ಮೂರನೆಯ ಸಲಕ್ಕೂ ಓಗೊಡದಿದ್ದರೆ ನಮ್ಮ ಕಪ್ಪನ್ನು ತಾವೇ ಕುಡಿದು, "ಗೈರುಹಾಜರಿ. ಖಟ್ಲೆ ಮುಗೀತು" ಎನ್ನುತ್ತಿದ್ದರು.

ಒಂದು ಮಳೆಗಾಲ ಕ್ಯಾಸೆಟ್ಟುಗಳಿಗೆ ಬಿಳಿ ಬೂಷ್ಟು ಹಿಡಿಯಿತು. ಬೇರೆ ಊರಿನವರಾಗಿದ್ದರೆ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದರು. ಆದರೆ ಮಾಮಾ ಬ್ಯಾಡಗಿಯವರು! "ಕೋಲ್ಡ್ ಸ್ಟೋರೇಜಿನಾಗ ಇಟ್ರ ವರ್ಷಗಟ್ಟಲೆ ಮೆಣಸಿನಕಾಯಿ ಬಣ್ಣ ಹೋಗೂದಿಲ್ಲ. ಕ್ಯಾಸೆಟ್ಟಿನ ಬಣ್ಣ ಹೆಂಗ ಹೋಗತೈತಿ?" ಎಂದು ಗೋಣಿಚೀಲಕ್ಕೆ ತುಂಬಿ, ಸ್ನೇಹಿತರೊಬ್ಬರ ಮೆಣಸಿನಕಾಯಿ ಚೀಲಗಳ ನಡುವೆ ಇಟ್ಟು ಬಂದರು. ಆರು ತಿಂಗಳ ನಂತರ ಕಡುಬಿಸಿಲಲ್ಲಿ ಹೊರತೆಗೆದರೆ ಎಲ್ಲಕ್ಕೂ ಬೆವರು! ನಲವತ್ತು ಕ್ಯಾಸೆಟ್ಟು ಅಲ್ಲೇ ತೀರಿಕೊಂಡವು. ಉಳಿದವುಗಳಲ್ಲೊಂದನ್ನು ಒಣಗಿಸಿ ಹಾಕಿದೆವು. ಚಿತ್ರ ಬಂತು. ಜೊತೆಗೆ ಘಾಟೂ ಬಂತು! ತೆರೆಯ ಮೇಲೆ ಸಾಕ್ಷಿ ಬಾಯಿಬಿಡುತ್ತಿದ್ದರೆ ಇಲ್ಲಿ ನಾವೆಲ್ಲ ಕೆಮ್ಮುತ್ತ, ಕಣ್ಣೀರು ಒರೆಸುತ್ತ ಕೂತಿದ್ದೆವು. ಇಣುಕಿದ ಪಕ್ಕದ ಮನೆಯಾಕೆ ಎದೆ ಹಿಡಿದುಕೊಂಡಳು. "ಅಯ್ಯ, ಯಾರು ಹ್ವಾದ್ರು?"

"ಯಾರೂ ಹೋಗಿಲ್ಲವಾ. ಇನ್ನೂ ಪಾಟೀ ಸವಾಲು ನಡದೈತಿ" ಎಂದರು ಮಾಮಾ, ಮೂಗು ಒರೆಸುತ್ತ.

ಇಷ್ಟೆಲ್ಲದರ ನಡುವೆ ಅವರ ಪ್ರಾಣವೆಂದರೆ ಒಂದು ಹದಿಮೂರು ಕಂತಿನ ಧಾರಾವಾಹಿ. ಗಂಡನಿಗೆ ವಿಷ ಹಾಕಿದಳೆಂಬ ಆರೋಪ ಹೊತ್ತ ಹೆಂಗಸಿನ ಖಟ್ಲೆ. ಹನ್ನೆರಡು ಕಂತು ಹಿಡಿದಿಟ್ಟಿದ್ದರು. ತೀರ್ಪಿನ ಕಂತು ಮಾತ್ರ ಇಲ್ಲ. ಅದಕ್ಕೆ ಕಾರಣ ನಾನೇ. ಆ ಕಂತು ಬರುವ ಭಾನುವಾರ ಬೆಳಿಗ್ಗೆಯೇ ಮೋಟೆಬೆನ್ನೂರಿನಲ್ಲಿ ನನಗೆ ಹೆಣ್ಣು ನೋಡುವುದಿತ್ತು. ಸೋದರಮಾವ ಇಲ್ಲದೆ ಹೆಣ್ಣು ನೋಡುವುದುಂಟೇ? ಎಳೆದುಕೊಂಡು ಹೋದೆ. ರೆಕಾರ್ಡಿನ ಗುಂಡಿ ಒತ್ತಲು ಅತ್ತೆಗೆ ಹೇಳಿಕೊಟ್ಟು ಹೋಗಿದ್ದರು. ಅತ್ತೆ ಒತ್ತಿದರು. ಯಂತ್ರ ಒಪ್ಪಲಿಲ್ಲ. ಕ್ಯಾಸೆಟ್ಟಿನ ಬೆನ್ನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡಿರುತ್ತದೆ. ಅದನ್ನು ಮುರಿದರೆ ಮುಂದೆ ಏನೂ ರೆಕಾರ್ಡ್ ಆಗದು. ತೀರ್ಪನ್ನು ಯಾರೂ ಅಳಿಸಬಾರದೆಂದು ಮಾಮಾ ಖಾಲಿ ಕ್ಯಾಸೆಟ್ಟಿನದನ್ನೇ ಮೊದಲು ಮುರಿದಿಟ್ಟಿದ್ದರು!

ಅತ್ತೆ ಮಾತ್ರ ಆರಾಮವಾಗಿ ಕೂತು ತೀರ್ಪು ನೋಡಿದ್ದರು.

"ಏನಾತ? ಬಿಟ್ಟರೋ, ಶಿಕ್ಷಾ ಕೊಟ್ಟರೋ?" ಮಾಮಾ ಚಪ್ಪಲಿಯನ್ನೂ ಬಿಡದೆ ಕೇಳಿದರು.

"ಹಾಜರ್ ಇಲ್ಲದೋರಿಗೆ ತೀರ್ಪು ಹೇಳೂದಿಲ್ರಿ" ಎಂದರು ಅತ್ತೆ.

ಮೂವತ್ತು ವರ್ಷ ಹೇಳಲಿಲ್ಲ! ಸೀರೆ ಕೊಡಿಸಿದರೂ ಇಲ್ಲ, ಸಿಟ್ಟು ಮಾಡಿದರೂ ಇಲ್ಲ. ಅತ್ತೆ ಹಟಕ್ಕೆ ಬಿದ್ದರೆ ಅಷ್ಟೇ. ಗಂಡನ ಹೆಸರಿನ ವಿಷಯದಲ್ಲೂ ಹಾಗೆ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಕಟ್ಟಿ ಹೇಳಿದ್ದೇ ಕೊನೆ, ಆಮೇಲೆ ಅವರ ಬಾಯಲ್ಲಿ ಮಾಮಾ ಬರೀ 'ಕೋರ್ಟಿನವರು'. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗಿಟ್ಟು ನನ್ನನ್ನು ಮುಂದೆ ನೂಕುತ್ತಿದ್ದರು.

ಹೋದ ವರ್ಷದಿಂದ ಅತ್ತೆಗೆ ಮರೆವು. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು, ನಕ್ಕೆವು. ಆಮೇಲೆ ನನ್ನನ್ನೇ "ಯಾರ ಮಗಪ್ಪಾ ನೀ?" ಎಂದು ಕೇಳತೊಡಗಿದರು, ನಗಲಿಲ್ಲ. ಒಂದು ಸಂಜೆ ಮಾಮಾ ಎಂದಿನಂತೆ ಕೆಣಕಿದರು. "ಈಗರ ಹೇಳಬಿಡು, ಆಕಿನ್ನ ಬಿಟ್ಟರೋ ಇಲ್ಲೋ?" ಅತ್ತೆ ಅವರನ್ನೇ ನೋಡಿ ಕೇಳಿದರು: "ಯಾರನ್ನ್ರಿ?"

ಮಾಮಾ ನನಗೆ ಫೋನು ಮಾಡಿ, "ಅಳಿಯಾ, ಇದ್ದ ಒಬ್ಬ ಸಾಕ್ಷಿನೂ ಕೈಬಿಟ್ಟಳು. ಆಕಿ ಪೂರ್ತಿ ಮರಿಯೂದರೊಳಗ ಇಬ್ಬರೂ ಕೂಡಿ ಒಮ್ಮೆ ನೋಡಬೇಕು" ಎಂದರು.

ಹುಡುಕಿದೆ. ರಾಣೆಬೆನ್ನೂರಿನಲ್ಲಿ ಹಿಂದೆ ವಿಡಿಯೊ ಲೈಬ್ರರಿ ನಡೆಸುತ್ತಿದ್ದ ಚಾಚಾ ಒಬ್ಬರು ಈಗ ಬೀಜದಂಗಡಿ ಇಟ್ಟಿದ್ದಾರೆ. ಅವರ ಅಟ್ಟದ ಮೇಲೆ, ಬೀಜದ ಡಬ್ಬಗಳ ಹಿಂದೆ, ಹದಿಮೂರನೆಯ ಕಂತು! ಮಾಮಾನನ್ನು ಗಾಡಿಯಲ್ಲೇ ಕೂರಿಸಿ ನಾನೊಬ್ಬನೇ ಒಳಗೆ ಹೋದೆ.

"ಮೂರು ಸಾವಿರ ಭಾಯ್."

"ಚಾಚಾ, ಇದನ್ನ ನೋಡೂ ಮಷೀನು ಯಾರ ಮನಿಯಾಗ ಐತ್ರಿ? ಇಲಿ ಸುದ್ಧಾ ಇದನ್ನ ಮುಟ್ಟಿಲ್ಲ ನೋಡ್ರಿ."

ಮೂರು ಸಾವಿರ ಎರಡಾಯಿತು, ಒಂದಾಯಿತು, ನಾನೂರಕ್ಕೆ ಬಂದು ನಿಂತಿತು. ಜೇಬಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಮಾಮಾ ಒಳಬಂದರು. ಡಬ್ಬಿಯ ಮೇಲೆ ನ್ಯಾಯಾಧೀಶರ ಚಿತ್ರವಿತ್ತು. ಮಾಮಾ ಚಪ್ಪಲಿ ಕಳಚಿ, ಕೈ ಜೋಡಿಸಿ, ಸೆಟೆದು ನಿಂತುಬಿಟ್ಟರು! ಕಣ್ಣಲ್ಲಿ ನೀರು ಬೇರೆ. ಚಾಚಾ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು.

"ಮೂರು ಸಾವಿರ" ಎಂದರು.

ಅಲ್ಲಿಂದ ಮುನ್ನೂರು ಇಳಿಸಿದ್ದೇ ನನ್ನ ಜೀವಮಾನದ ಸಾಧನೆ.

ಯಂತ್ರವನ್ನು ರಿಪೇರಿ ಮಾಡಿದ ಹಾವೇರಿಯ ಮೆಕ್ಯಾನಿಕ್ ಎಚ್ಚರಿಸಿದ್ದ: "ಹೆಡ್ಡು ಸವದೈತ್ರಿ. ನಡುವ ಪಾಜ್ ಗುಂಡಿ ಮಾತ್ರ ಒತ್ತಬ್ಯಾಡ್ರಿ, ಟೇಪು ಸವದು ಹೋಗತೈತಿ."

ಭಾನುವಾರ ಬೆಳಿಗ್ಗೆ ಎಲ್ಲರೂ ಕೂತೆವು. ಅತ್ತೆ ಕುರ್ಚಿಯಲ್ಲಿ, ಪಕ್ಕದಲ್ಲಿ ಮಾಮಾ. ವಾದ ಮುಗಿಯಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕಾಗದ ಕೈಗೆತ್ತಿಕೊಂಡರು. ತಿರುಗಿ ನೋಡಿದರೆ ಮಾಮಾನ ಕುರ್ಚಿ ಖಾಲಿ! ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬೀದಿಯ ತರಕಾರಿ ಗಾಡಿಯವನಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡುತ್ತಿದ್ದಾರೆ! ಬೇರೆ ಕ್ಯಾಸೆಟ್ಟಿನ ತೀರ್ಪುಗಳನ್ನೆಲ್ಲ ಒಳಗೇ ನಿಂತು ಕೇಳಿದವರಿಗೆ ಇದೊಂದು ಖಟ್ಲೆ ಮಾತ್ರ ಖರೇ ಕೋರ್ಟೇ ಆಗಿಬಿಟ್ಟಿತ್ತು.

"ಮಾಮಾ, ಒಳಗ ಬರ್ರೀ!"

"ಶ್! ತೀರ್ಪು ಓದಾಕತ್ತಾರ."

ನಾನು ಪಾಜ್ ಒತ್ತಿದೆ. ನ್ಯಾಯಾಧೀಶರು ಬಾಯಿ ತೆರೆದಂತೆಯೇ ನಡುಗುತ್ತ ನಿಂತರು. ಟೇಪು ಕಿರ್ರೆನ್ನತೊಡಗಿತು. ನಾನು ಕರೆದೆ, ನನ್ನ ಹೆಂಡತಿ ಕರೆದಳು. ಮೂವತ್ತನಾಲ್ಕು ವರ್ಷ ಹೊರಗೆ ನಿಂತ ಕಾಲು, ಒಳಗೆ ಬರಲೊಲ್ಲದು.

ಆಗ ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡರು. ಬಾಗಿಲ ಕಡೆ ಮುಖ ಮಾಡಿ ಮಾಮಾನ ಹೆಸರು ಕೂಗಿದರು. ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ, ಪೂರ್ತಿಯಾಗಿ. ಒಂದು ಸಲ. ಎರಡು ಸಲ. ಮೂರು ಸಲ.

"...ಹಾಜರ್ ಅದೀರೇನ್ರೀ?"

ಮಾಮಾ ತಿರುಗಿದರು.

"ಹಾಜರ್ ಅದೇನಿ" ಎಂದರು. ಒಳಗೆ ಬಂದು, ಅತ್ತೆಯನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ನಾನು ಪಾಜ್ ತೆಗೆದೆ, ಟೇಪು ಮುಂದೆ ಓಡಿತು.

ನನ್ನ ಹೆಸರು ಮರೆತ ಅತ್ತೆ ಮರೆಯದೆ ಇಟ್ಟುಕೊಂಡ ಹೆಸರು ಅದು. ಅದನ್ನು ನಾನಿಲ್ಲಿ ಪುಕ್ಕಟೆ ಬರೆಯಲೇ? ಇನ್ನು ತೀರ್ಪು ಏನಾಯಿತು ಎನ್ನುತ್ತೀರಾ? ನೀವು ಅಲ್ಲಿ ಹಾಜರಿರಲಿಲ್ಲ.

ಆದರೆ ನಾಲ್ಕು ಬುದ್ಧಿಮಾತು ಹೇಳಬಲ್ಲೆ. ಹಳೇ ಕ್ಯಾಸೆಟ್ಟು ಕೊಳ್ಳುವಾಗ ಅದು ಯಾರಿಗೆ ಬೇಕೋ ಅವರನ್ನು ಗಾಡಿಯಲ್ಲಿ ಕೂರಿಸಿ, ಹೊರಗಿನಿಂದ ಬಾಗಿಲು ಹಾಕಿ. ಮೆಣಸಿನಕಾಯಿಯ ಹತ್ತಿರ ಇಡಬೇಡಿ. ಬೆನ್ನಿನ ತುಂಡನ್ನು ರೆಕಾರ್ಡ್ ಆದ ಮೇಲೆ ಮುರಿಯಿರಿ. ಪಾಜ್ ಗುಂಡಿಯನ್ನು ಒತ್ತಲೇಬೇಡಿ, ಟೇಪು ಸವೆಯುತ್ತದೆ. ಮೆಕ್ಯಾನಿಕ್ ಹೇಳಿದ್ದು ಖರೇ. ಆದರೆ ಮನೆಯವರು ಯಾರಾದರೂ ಬಾಗಿಲ ಹೊರಗೇ ನಿಂತುಬಿಟ್ಟಿದ್ದರೆ ಮಾತ್ರ ಒತ್ತಿ ಹಿಡಿಯಿರಿ. ಅವರು ಬಂದು ಕೂರುವವರೆಗೆ ಎಷ್ಟು ಸವೆದರೂ ಸವೆಯಲಿ.