ಹಿಂಡಿ ತಿಂದ ಪೀಪಾಯಿ

ಇನ್ನೊಬ್ಬರ ಬುದ್ಧಿವಂತಿಕೆಯನ್ನು ಹೀಯಾಳಿಸುವುದರಲ್ಲಿ ನನಗೆ ಸಿಗುವ ಸುಖ ತುಪ್ಪ ಸುರಿದ ಹೋಳಿಗೆಯಲ್ಲೂ ಸಿಕ್ಕಿಲ್ಲ. ಶ್ರಮವಿಲ್ಲ, ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಮೂಗು ಮುರಿದರೆ ಸಾಕು. ಈ ಚಟಕ್ಕೆ ಬೇಕಾದ ಸರಕನ್ನು ಬಹುಕಾಲ ಒದಗಿಸಿದವನು ನನ್ನ ಷಡ್ಡಕ ಮಲ್ಲಪ್ಪ, ಅಂದರೆ ಹೆಂಡತಿಯ ತಂಗಿಯ ಗಂಡ. ಸೊಲ್ಲಾಪುರದ ಗಿರಣಿಯೊಂದರಲ್ಲಿ ಫಿಟರ್. ಜಗತ್ತಿನ ನಟ್ಟು-ಬೋಲ್ಟೆಲ್ಲ ಸಡಿಲಾಗಿವೆ, ಬಿಗಿ ಮಾಡಲು ತನ್ನನ್ನೇ ಕಾಯುತ್ತಿವೆ ಎಂದು ನಂಬಿದ ಮನುಷ್ಯ.

ಅಕ್ಕಲಕೋಟೆ ಇನ್ನೂ ಸಂಸ್ಥಾನವಾಗಿದ್ದ ಕಾಲ. ಅಲ್ಲಿ ನನ್ನದು ಎಣ್ಣೆ-ಹಿಂಡಿಯ ಅಂಗಡಿ. ಹಿತ್ತಲಲ್ಲಿ ಎರಡು ಎಮ್ಮೆ. ಮಲ್ಲಪ್ಪ ಮುಂಬೈಗೆ ಹೋಗಿದ್ದಾಗ ಯಾರೋ ಹೊಲಸು ಕೊಳೆಯಿಸಿ, ಅದರ ಗಾಳಿಯಿಂದ ದೀಪ ಉರಿಸುವುದನ್ನು ನೋಡಿ ಬಂದನಂತೆ. ನನ್ನ ಹೆಂಡತಿ ಗೌರಮ್ಮ ಸಗಣಿಯ ಕುಳ್ಳಿನ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸೊರಗಿದ್ದಳು; ಕಣ್ಣು ಸದಾ ಕೆಂಪು. ಅತ್ತಿಗೆಗೆ ಹೊಗೆಯಿಲ್ಲದ ಒಲೆ ಮಾಡಿಕೊಡುತ್ತೇನೆಂದು ಒಂದು ದಿನ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಡಾಂಬರಿನ ಪೀಪಾಯಿ ಹೇರಿಕೊಂಡು ಬಂದೇಬಿಟ್ಟ. ಹಿತ್ತಲಲ್ಲಿ ಗುಂಡಿ ತೋಡಿ, ಗಚ್ಚು ಮಾಡಿ, ಕದಡಿದ ಸಗಣಿ ತುಂಬಿ, ಅದರೊಳಗೆ ಪೀಪಾಯಿಯನ್ನು ಬೋರಲು ಹಾಕಿದ. ನೆತ್ತಿಗೊಂದು ನಳಿಗೆ, ಅದರ ತುದಿ ಅಡುಗೆಮನೆಗೆ. ಸಗಣಿ ಮೈಗಳ್ಳ, ಹಿಂಡಿ ಬಿದ್ದರೆ ಗಾಳಿ ಬೇಗ ಏಳುತ್ತದೆ ಎಂದು ನನ್ನ ಅಂಗಡಿಯ ಕುಸುಬಿ ಹಿಂಡಿಯನ್ನು ಬುಟ್ಟಿಗಟ್ಟಲೆ ಸುರಿದ. ತಮ್ಮ ಊಟ ಗುಂಡಿಗೆ ಬೀಳುವುದನ್ನು ಎಮ್ಮೆಗಳು ಕತ್ತೆತ್ತಿ ನೋಡಿದವು. ಅವಕ್ಕೂ ಅವನ ಬಗ್ಗೆ ನನ್ನದೇ ಅಭಿಪ್ರಾಯವಿದ್ದಂತಿತ್ತು.

ಮೂರು ವಾರ ಕಳೆದರೂ ಬಂದದ್ದು ನಾತ ಮಾತ್ರ. ಗಾಳಿ ತುಂಬಿ ಮೇಲೇಳಬೇಕಾದ ಪೀಪಾಯಿ ಬೆರಳಷ್ಟೂ ಏಳಲಿಲ್ಲ. ಮಲ್ಲಪ್ಪ ಮತ್ತೊಮ್ಮೆ ಬಂದು, ಇನ್ನೆರಡು ಬುಟ್ಟಿ ಹಿಂಡಿ ಸುರಿದು, ಮೂಗಿಗೆ ರುಮಾಲು ಒತ್ತಿಕೊಂಡು ಗಾಡಿ ಹತ್ತಿದ. ಆಮೇಲೆ ಅವನಿಗೆ ರಜೆ ಸಿಗಲಿಲ್ಲವಂತೆ. ನಾನು ಅಂಗಡಿಗೆ ಬಂದವರಿಗೆಲ್ಲ ಈ ಕತೆಯನ್ನು ದಿನಕ್ಕೊಂದು ಬಾಲ ಅಂಟಿಸಿ ಹೇಳಿದೆ. ಮಂದ್ರೂಪದಿಂದ ಬಂದ ಗೌಡರೊಬ್ಬರು ನಕ್ಕು ನಕ್ಕು ಹಿಂಡಿ ಒಯ್ಯುವುದನ್ನೇ ಮರೆತರು. ಗುಂಡಿ ಮುಚ್ಚಿಸುತ್ತೇನೆ ಎಂದರೆ ಗೌರಮ್ಮ, ಇನ್ನೊಂದು ತಿಂಗಳು ಇರಲಿ ಅಂದಳು. ತಂಗಿಯ ಗಂಡನ ಮೇಲಿನ ಕುರುಡು ಮಮತೆ ಎಂದು ಅದನ್ನೂ ಅಂಗಡಿಯಲ್ಲಿ ಹೇಳಿ ನಗಿಸಿದೆ.

ಮುಂದೆ ಒಂದು ಮುಂಜಾನೆ ಚಹಾ ಸಪ್ಪಗೆ ಹತ್ತಿತು. ಹೀಗೇ ನಾಲ್ಕು ದಿನ. ಐದನೆಯ ದಿನ ಸಿಟ್ಟಿನಿಂದ ಅಡುಗೆಮನೆಗೇ ನುಗ್ಗಿದೆ. ಒಳಗೆ ಹೊಗೆಯಿಲ್ಲ. ಗೋಡೆಯ ತೂತಿನಿಂದ ಬಂದ ನಳಿಗೆಯ ತುದಿಯಲ್ಲಿ ನೀಲಿ ಉರಿ, ಅದರ ಮೇಲೆ ಚಹಾದ ಪಾತೇಲಿ. ಇಷ್ಟು ವರ್ಷ ನಾನು ಚಹಾದ ರುಚಿ ಅಂದುಕೊಂಡದ್ದು ಕುಳ್ಳಿನ ಹೊಗೆಯ ರುಚಿಯಾಗಿತ್ತು.

ಇದೇನೆಂದು ಕೇಳಿದೆ.

"ಹಿಂಡಿ ಭಾಳ ಆಗಿ ಹುಳಿ ಏರಿತ್ರಿ," ಎಂದಳು ಗೌರಮ್ಮ. "ಅಂಬಲಿ ಹುಳಿ ಹೊಡದ್ರ ಗೊತ್ತಾಗೂದಿಲ್ಲೇನು, ಹಂಗ ವಾಸನಿ ಬರತಿತ್ತು. ಹತ್ತು ದಿನ ಏನೂ ಹಾಕಲಿಲ್ಲ. ಆಮ್ಯಾಲ ಬರೇ ಹಸಿ ಸಗಣಿ. ಈಗ ದಿನಕ್ಕೊಂದು ಹಿಡಿ ಹಿಂಡಿ, ಅಷ್ಟ."

ನನಗೆ ಯಾಕೆ ಹೇಳಲಿಲ್ಲವೆಂದೆ. ಹೇಳಿದ್ದರೆ ಅಂಗಡಿಗೆ ಹೊಸ ಕತೆ ಸಿಗುತ್ತಿತ್ತು, ಅದಕ್ಕೇ ಅಂದಳು. ಅವಳ ಕಣ್ಣು ಬೆಳ್ಳಗಾಗಿದ್ದವು. ಯಾವಾಗ ಬೆಳ್ಳಗಾದವೋ ನಾನು ನೋಡಿರಲೇ ಇಲ್ಲ.

ಅಂದು ಮಧ್ಯಾಹ್ನವೇ ಮಲ್ಲಪ್ಪನಿಗೆ ಕಾಗದ ಬರೆದು ಗೌರಮ್ಮನಿಗೆ ಓದಿ ಹೇಳಿದೆ. ನಿಮ್ಮ ಅಳತೆ ತಪ್ಪಿತ್ತು, ನಾವು ಬಹಳ ವಿಚಾರ ಮಾಡಿ, ಹಿಂಡಿ ಕಡಿಮೆ ಮಾಡಿ, ಉರಿ ತೆಗೆದೆವು ಎಂದು ಬರೆದಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇದರಾಗ 'ನಾವು' ಅಂದ್ರ ಯಾರ್ರಿ?"

ಕಾಗದ ಮಡಚಿ ಜೇಬಿಗಿಟ್ಟುಕೊಂಡೆ. ಮರುದಿನ ಬೆಳಗ್ಗೆಯಿಂದ ಧೋತರ ಎತ್ತಿ ಕಟ್ಟಿ ಹಿತ್ತಲಿಗಿಳಿದೆ. ಎಂಟು ದಿನ ಮೊಣಕೈತನಕ ಸಗಣಿ ಕದಡಿದ ಮೇಲೆ, ಒಂದಕ್ಷರವನ್ನೂ ತಿದ್ದದೆ ಕಾಗದವನ್ನು ಅಂಚೆಗೆ ಹಾಕಿದೆ.